ಹಿಮದ ಮೇಲೆ ನೇಗಿಲು: ಔಲಿಯಲ್ಲಿ ಒಂದು ವಾರ

ಮೊದಲ ದಿನ

ಉತ್ತರಾಖಂಡದ ಔಲಿಯಲ್ಲಿ ಸ್ಕೀ, ಅಂದರೆ ಕಾಲಿಗೆ ಉದ್ದ ಹಲಗೆ ಕಟ್ಟಿಕೊಂಡು ಹಿಮದ ಮೇಲೆ ಜಾರುವ ಆಟ, ಕಲಿಯಲೆಂದು ಹೊರಟಿದ್ದೆವು. ಋಷಿಕೇಶದಿಂದ ಬೆಳಗಿನ ಐದೂವರೆಗೆ ಹೊರಟ ಜೀಪು ಜೋಶಿಮಠ ಮುಟ್ಟಿದಾಗ ಸಂಜೆ ನಾಲ್ಕೂವರೆ. ದೂರ ಸುಮಾರು 250 ಕಿಲೋಮೀಟರ್ ಮಾತ್ರ, ಆದರೆ ಬಯಲಿನ ಲೆಕ್ಕ ಘಟ್ಟದಲ್ಲಿ ನಡೆಯುವುದಿಲ್ಲ. ಒಂದು ಕಡೆ ಅಗೆದು ನಿಲ್ಲಿಸಿದ ಬೆಟ್ಟದ ದರೆ, ಇನ್ನೊಂದು ಕಡೆ ಕೆಳಗೆಲ್ಲೋ ಅಲಕನಂದಾ. ನಡುವೆ ಎರಡು ಬಾರಿ ಕಲ್ಲು ಕುಸಿದು ದಾರಿ ನಿಂತಿತು. ಜೆಸಿಬಿ ಬಂದು ತೆರವು ಮಾಡುವವರೆಗೆ ಎಲ್ಲರೂ ಇಳಿದು ಬಿಸಿಲು ಕಾಯಿಸಿಕೊಂಡರು. ಯಾರೂ ಗೊಣಗಲಿಲ್ಲ. ಆ ರಸ್ತೆಯವರಿಗೆ ಅದು ದಿನನಿತ್ಯದ ಮಾತು.

ದೇವಪ್ರಯಾಗ, ರುದ್ರಪ್ರಯಾಗ, ಕರ್ಣಪ್ರಯಾಗ, ನಂದಪ್ರಯಾಗ ಹೀಗೆ ಒಂದೊಂದೇ ಸಂಗಮ ದಾಟುತ್ತಾ ಹೋದೆವು. ಫೆಬ್ರುವರಿಯಲ್ಲಿ ನದಿಗಳು ಸೊರಗಿರುತ್ತವೆ. ಮಳೆಗಾಲದಲ್ಲಿ ಕೆಸರಾಗಿ ಅಬ್ಬರಿಸುವ ನೀರು ಈಗ ತಿಳಿ ಹಸಿರು, ತಳದ ಉರುಟು ಕಲ್ಲುಗಳನ್ನು ಮೇಲಿನಿಂದಲೇ ಎಣಿಸಬಹುದು. ನನ್ನ ತಂಗಿಯ ಮಗಳು ಕಿಟಕಿಗೆ ಮುಖ ಒತ್ತಿ ಕೇಳಿದಳು: "ದೊಡ್ಡಮ್ಮ, ಹಿಮಾಲಯದ ನದಿಯಲ್ಲಿ ಇಷ್ಟೇನಾ ನೀರು? ಉಳಿದದ್ದು ಎಲ್ಲಿ ಹೋಯಿತು?"

ಮುಂದಿನ ಸೀಟಿನಲ್ಲಿದ್ದ ಚಾಲಕರಿಗೆ ಅವಳ ಪ್ರಶ್ನೆಯನ್ನು ಹಿಂದಿಯಲ್ಲಿ ಹೇಳಿದೆ. ಅವರು ಸ್ಟೀರಿಂಗ್‌ನಿಂದ ಒಂದು ಬೆರಳನ್ನಷ್ಟೇ ಎತ್ತಿ ಮೇಲಕ್ಕೆ ತೋರಿಸಿದರು. ಮೇಲೆ ಕುಳಿತಿದೆ ಎಂದು ಅರ್ಥ.

ಎರಡನೆಯ ದಿನ

ಜೋಶಿಮಠದ ಬೆಳಗು ಚಳಿಯಿಂದಲ್ಲ, ಬೆಳಕಿನಿಂದ ಎಬ್ಬಿಸಿತು. ಪರದೆ ಸರಿಸಿದರೆ ಎದುರಿಗೆ ಹಾಥಿ ಪರ್ವತ, ನೆತ್ತಿಯ ಮೇಲೆ ಆಗಷ್ಟೇ ಬಿಸಿಲು ಬಿದ್ದಿತ್ತು. ಊರಿನ್ನೂ ನೆರಳಿನಲ್ಲೇ ಇತ್ತು.

ಇದು ಆದಿಶಂಕರರು ಉತ್ತರದ ಮಠವನ್ನು ನಿಲ್ಲಿಸಿದ ಊರು. ತುಂಗೆಯ ದಡದ ಶೃಂಗೇರಿಗೂ ಈ ಜ್ಯೋತಿರ್ಮಠಕ್ಕೂ ಒಂದೇ ಬಳ್ಳಿಯ ಸಂಬಂಧ. ಚಳಿಗಾಲದಲ್ಲಿ ಬದರಿಯ ಬಾಗಿಲು ಮುಚ್ಚಿದ ಮೇಲೆ ಪೂಜೆ ನಡೆಯುವುದು ಇಲ್ಲಿನ ನರಸಿಂಹ ದೇವಾಲಯದಲ್ಲಿ. ಈ ನರಸಿಂಹನ ಎಡಗೈಯ ಮಣಿಕಟ್ಟು ವರ್ಷದಿಂದ ವರ್ಷಕ್ಕೆ ತೆಳುವಾಗುತ್ತಿದೆ, ಅದು ಕಳಚಿ ಬಿದ್ದ ದಿನ ಜಯ ವಿಜಯ ಬೆಟ್ಟಗಳು ಒಂದಕ್ಕೊಂದು ಕೂಡಿ ಬದರಿಯ ದಾರಿ ಮುಚ್ಚಿಹೋಗುತ್ತದೆ ಎಂಬುದು ಇಲ್ಲಿಯ ನಂಬಿಕೆ. ಅರ್ಚಕರು ಇದನ್ನು ಹೇಳುವಾಗ ದನಿ ತಗ್ಗಿಸಿದರು. ಬೆಟ್ಟ ಜಾರುವುದನ್ನು ತಲೆತಲಾಂತರದಿಂದ ಕಂಡ ಜನರಿಗಲ್ಲದೆ ಬೇರೆ ಯಾರಿಗೆ ಇಂಥ ಕಥೆ ಹೊಳೆಯಬೇಕು ಎಂದು ನನಗೆ ಅನ್ನಿಸಿತು.

ಏಕೆಂದರೆ ಈ ಊರು ನಿಂತಿರುವುದೇ ಹಳೆಯದೊಂದು ಭೂಕುಸಿತದ ರಾಶಿಯ ಮೇಲೆ. 1976ರಲ್ಲೇ, ಊರಿನ ನೆಲ ಕುಸಿಯುವುದನ್ನು ಪರಿಶೀಲಿಸಲು ಸರ್ಕಾರ ನೇಮಿಸಿದ್ದ ಮಿಶ್ರಾ ಸಮಿತಿ ಅದನ್ನು ಬರೆದಿಟ್ಟಿತ್ತು: ಭಾರೀ ಕಟ್ಟಡ ಬೇಡ, ಬಂಡೆ ಕೀಳಬೇಡಿ, ಸಿಡಿಮದ್ದು ಬೇಡ, ಮರ ಕಡಿಯಬೇಡಿ, ಗಿಡ ನೆಡಿ. 2023ರ ಜನವರಿಯಲ್ಲಿ ಮನೆಗಳು ಬಿರುಕು ಬಿಟ್ಟಾಗ ಆ ವರದಿಯನ್ನು ಮತ್ತೆ ಹುಡುಕಿ ತೆಗೆದರು. ಗಲ್ಲಿಯೊಂದರಲ್ಲಿ ಇಳಿಯುವಾಗ ಗೋಡೆಯ ಮೇಲೆ ಕೆಂಪು ಬಣ್ಣದ ಗುಣಾಕಾರದ ಗುರುತು ಕಂಡೆವು. ವಾಸಕ್ಕೆ ಯೋಗ್ಯವಲ್ಲದ ಮನೆ ಎಂದು ಹಾಕಿದ್ದು. ಬಾಗಿಲಿಗೆ ಬೀಗ, ಅಂಗಳದ ತಂತಿಯಲ್ಲಿ ಒಂದೇ ಒಂದು ಬಟ್ಟೆಯ ಕ್ಲಿಪ್ಪು. ಬಿರುಕು ಮೆಟ್ಟಿಲಿನಿಂದ ಹೊರಟು ಕಿಟಕಿಯ ಮೂಲೆಯವರೆಗೆ ಓರೆಯಾಗಿ ಏರಿತ್ತು, ನನ್ನ ಅಂಗೈ ಒಳಗೆ ಹೋಗುವಷ್ಟು ಅಗಲ. ನಾನು ಕೈ ಹಾಕಲಿಲ್ಲ.

ಜೋಶಿಮಠದಿಂದ ಔಲಿಗೆ ಸುಮಾರು ನಾಲ್ಕು ಕಿಲೋಮೀಟರ್ ಉದ್ದದ ರೋಪ್‌ವೇ ಇದೆ. ಹತ್ತು ಗೋಪುರಗಳನ್ನು ಹಿಡಿದು ಕಾಡಿನ ಮೇಲಿಂದ ಏರುವಂಥದ್ದು. ಭೂಮಿ ಬಿರುಕು ಬಿಟ್ಟ ಆ ಜನವರಿಯಲ್ಲಿ ಅದನ್ನು ನಿಲ್ಲಿಸಿದ್ದರು, ನಾವು ಹೋದಾಗಲೂ ಅದು ನಿಂತೇ ಇತ್ತು. ಚಕ್ರಕ್ಕೆ ಸರಪಳಿ ಸುತ್ತಿದ ಜೀಪಿನಲ್ಲಿ ರಸ್ತೆಯ ದಾರಿ ಹಿಡಿದೆವು. ಮೊದಲು ಓಕ್ ಮರಗಳು, ಆಮೇಲೆ ದೇವದಾರು. ಮೊದಲ ಹಿಮ ರಸ್ತೆಯ ಅಂಚಿನಲ್ಲಿ ಕೊಳಕು ಬೂದು ರಾಶಿಯಾಗಿ ಕಂಡಿತು, ಮುಂದಿನ ತಿರುವಿನಲ್ಲಿ ಮರದ ಬುಡಕ್ಕೆ ಬಂತು, ಅದರ ಮುಂದಿನ ತಿರುವಿನಲ್ಲಿ ಕಾಡಿಡೀ ಬಿಳಿ. ತಂಗಿಯ ಮಗಳು ಮಾತು ನಿಲ್ಲಿಸಿದಳು. ಇಪ್ಪತ್ತು ವರ್ಷದ ಹುಡುಗಿ, ಅಷ್ಟು ಹೊತ್ತು ಸುಮ್ಮನಿದ್ದದ್ದನ್ನು ನಾನು ಕಂಡಿದ್ದು ಅದೇ ಮೊದಲು.

ಮೂರನೆಯ ದಿನ

ಔಲಿಯ ಇಳಿಜಾರು ಸಮುದ್ರ ಮಟ್ಟದಿಂದ ಸುಮಾರು 2,500 ಮೀಟರಿನಿಂದ ಮೊದಲಾಗಿ 3,000 ಮೀಟರ್ ದಾಟುತ್ತದೆ. ಹಸು ಮೇಯಿಸುವ ಹುಲ್ಲುಗಾವಲು ಅದು. ಚಳಿಗಾಲದಲ್ಲಿ ಹಿಮ ಹೊದ್ದು ಸ್ಕೀಯ ಅಂಗಳವಾಗುತ್ತದೆ. ಎರಡು ಬದಿಗೂ ದೇವದಾರು, ನಡುವೆ ನುಣುಪಾದ ಬಿಳಿ ಪಟ್ಟಿ, ಮೇಲೆ 800 ಮೀಟರ್ ಉದ್ದದ ಚೇರ್‌ಲಿಫ್ಟ್. ಇಂಡೋ ಟಿಬೆಟನ್ ಗಡಿ ಪೊಲೀಸರ ಪರ್ವತಾರೋಹಣ ಮತ್ತು ಸ್ಕೀಯಿಂಗ್ ತರಬೇತಿ ಸಂಸ್ಥೆ ಇರುವುದೂ ಇಲ್ಲಿಯೇ. 2011ರ ಜನವರಿಯಲ್ಲಿ ಮೊದಲ ದಕ್ಷಿಣ ಏಷ್ಯಾ ಚಳಿಗಾಲದ ಕ್ರೀಡಾಕೂಟದ ಸ್ಕೀ ಸ್ಪರ್ಧೆಗಳು ನಡೆದದ್ದು ಈ ಪಟ್ಟಿಯ ಮೇಲೆ.

ಸ್ಕೀ ಬೂಟು ಹಾಕಿಕೊಳ್ಳುವುದೇ ಒಂದು ವಿದ್ಯೆ. ಗಟ್ಟಿ ಪ್ಲಾಸ್ಟಿಕ್ಕಿನ ಚಿಪ್ಪು, ಮುಂದೆ ನಾಲ್ಕು ಕೊಂಡಿ. ಒಂದೇ ಕಾಲುಚೀಲ ಹಾಕಬೇಕು, ಅದರಲ್ಲಿ ಸುಕ್ಕು ಇರಕೂಡದು. ಬೂಟು ಕಣಕಾಲನ್ನು ಹಿಡಿದು ಮೊಣಕಾಲನ್ನು ಮುಂದಕ್ಕೆ ಬಾಗಿಸಿಯೇ ನಿಲ್ಲಿಸುತ್ತದೆ, ನೆಟ್ಟಗೆ ನಿಲ್ಲಲು ಬಿಡುವುದಿಲ್ಲ. ಆಮೇಲೆ ಹಲಗೆ. ಬೂಟಿನ ಅಡಿಯ ಹಿಮ ಕೆರೆದು, ಮೊದಲು ಬೂಟಿನ ಮೂಗನ್ನು ಹಲಗೆಯ ಹಿಡಿಕೆಯೊಳಗೆ ತೂರಿಸಿ, ಹಿಮ್ಮಡಿಯನ್ನು ಬಲವಾಗಿ ಒತ್ತಬೇಕು. ಟಕ್ ಎಂದರೆ ಕೂಡಿತು. ಬಿದ್ದು ಕಾಲು ತಿರುಚಿಕೊಂಡರೆ ಆ ಹಿಡಿಕೆ ತಾನಾಗಿ ಬಿಟ್ಟುಕೊಡಬೇಕು. ಮೊಣಕಾಲು ಉಳಿಯುವುದು ಅದರಿಂದ.

ನಮಗೆ ಕಲಿಸಲು ಬಂದವನು ಕೆಳಗಿನ ಹಳ್ಳಿಯ ಮೂವತ್ತರ ಯುವಕ. ಬಿಸಿಲಿಗೆ ಕೆನ್ನೆ ತಾಮ್ರದ ಬಣ್ಣಕ್ಕೆ ತಿರುಗಿತ್ತು. ನನ್ನನ್ನು ದೀದಿ ಎಂದು ಕರೆದ, ಅವಳನ್ನು ಗಢವಾಲಿಯಲ್ಲಿ ಭುಲಿ, ಅಂದರೆ ತಂಗಿ, ಎಂದ. ಮೊದಲ ಒಂದು ಗಂಟೆ ಇಳಿಯಲು ಬಿಡಲೇ ಇಲ್ಲ. ಬೀಳುವುದನ್ನು ಕಲಿಸಿದ: ಹಿಂದಕ್ಕೆ ಬೀಳಬೇಡಿ, ಬೆಟ್ಟದ ಕಡೆಗೆ ಪಕ್ಕಕ್ಕೆ ಕುಳಿತುಕೊಳ್ಳಿ. ಏಳುವುದನ್ನು ಕಲಿಸಿದ: ಹಲಗೆಗಳನ್ನು ಇಳಿಜಾರಿಗೆ ಅಡ್ಡಲಾಗಿ ತನ್ನಿ, ಇಲ್ಲದಿದ್ದರೆ ನಿಲ್ಲುವ ಮೊದಲೇ ಹೊರಟುಬಿಡುತ್ತವೆ. ಹತ್ತುವುದನ್ನು ಕಲಿಸಿದ, ಏಡಿಯ ಹಾಗೆ ಪಕ್ಕಕ್ಕೆ, ಒಂದೊಂದೇ ಅಂಚು ಊರಿ.

ಆಮೇಲೆ ನಿಲ್ಲಿಸುವ ಪಾಠ. ಎರಡೂ ಹಲಗೆಗಳ ಮೂತಿ ಹತ್ತಿರ ತಂದು ಹಿಂಬದಿಯನ್ನು ಅಗಲಿಸಿ ಒಳ ಅಂಚುಗಳಿಂದ ಹಿಮವನ್ನು ಒತ್ತಬೇಕು. ಇದಕ್ಕೆ ಸ್ನೋ ಪ್ಲೋ, ಅಂದರೆ ಹಿಮದ ನೇಗಿಲು, ಎಂದು ಹೆಸರು. ನನ್ನ ತೊಡೆಗಳು ನಡುಗುತ್ತಿದ್ದಾಗ ಅವನು ಕೆಳಗಿನಿಂದ ಕೂಗಿದ: "ನೇಗಿಲು ಹಿಡಿಯಿರಿ ದೀದಿ! ನೆಲವನ್ನು ನೋಡಬೇಡಿ, ಸಾಲಿನ ಕೊನೆಯನ್ನು ನೋಡಿ!"

ಆ ಒಂದು ಮಾತಿನಿಂದ ನನಗೆ ತಿಳಿಯಿತು. ಹೆದರಿದಾಗ ಮೈ ತಾನಾಗಿ ಹಿಂದಕ್ಕೆ ವಾಲುತ್ತದೆ. ಹಿಂದಕ್ಕೆ ವಾಲಿದರೆ ಹಲಗೆಯ ಮುಂಭಾಗ ಹಗುರಾಗಿ ಹಿಡಿತ ತಪ್ಪುತ್ತದೆ, ಹಲಗೆ ಹೇಳಿದ ಮಾತು ಕೇಳುವುದಿಲ್ಲ. ಮೊಣಕಾಲ ಕೆಳಗಿನ ಮೂಳೆಯನ್ನು ಬೂಟಿನ ನಾಲಿಗೆಗೆ ಒತ್ತಿ ಮುಂದಕ್ಕೆ, ಇಳಿಜಾರಿನ ಕಡೆಗೇ ಬಾಗಬೇಕು. ಯಾವ ದಿಕ್ಕಿಗೆ ಭಯವೋ ಆ ದಿಕ್ಕಿಗೇ ಎದೆಯೊಡ್ಡಬೇಕು. ಬಲಗಾಲಿನ ಮೇಲೆ ಭಾರ ಹಾಕಿದರೆ ಎಡಕ್ಕೆ ತಿರುಗುತ್ತದೆ, ಎಡಗಾಲಿನ ಮೇಲೆ ಹಾಕಿದರೆ ಬಲಕ್ಕೆ. ಮಧ್ಯಾಹ್ನದ ಹೊತ್ತಿಗೆ ಬೀಳದೆ ಮೂರು ತಿರುವು ಹಾಕಿದೆ. ಹಿಂದೆ ನೋಡಿದರೆ ಬಿಳಿಯ ಮೇಲೆ ನನ್ನದೇ ಗೆರೆ, ಉತ್ತ ಹೊಲದ ಹಾಗೆ. ಐವತ್ತೆರಡನೆಯ ವಯಸ್ಸಿನಲ್ಲಿ ಮೈ ಹೊಸದೊಂದನ್ನು ಕಲಿತದ್ದು ನನಗೆ ದೊಡ್ಡ ಸಂತೋಷ. ಅದನ್ನು ಮುಚ್ಚಿಡಲಾರೆ.

ನಾಲ್ಕನೆಯ ದಿನ

ಈ ದಿನದ ಮಾತು ಬಾಡಿಗೆ ಬೂಟಿನದು. ಹಿಂದಿನ ದಿನದ ಬೂಟು ಬೇರೆಯವರ ಪಾಲಾಗಿತ್ತು. ಅಂಗಡಿಯವನು ಕೊಟ್ಟದ್ದು ಒಂದು ಅಳತೆ ದೊಡ್ಡದು, ಮೇಲಿನ ಕೊಂಡಿ ಸಡಿಲ. ಆಗುತ್ತದೆ ಎಂದ, ನಾನೂ ಒಪ್ಪಿದೆ. ಒಳಗೆ ಕಾಲು ಅಲುಗಾಡಿದರೆ ಭಾರ ಹಲಗೆಗೆ ತಲುಪುವುದೇ ಇಲ್ಲ. ನಾಲ್ಕನೆಯ ಸುತ್ತಿನಲ್ಲಿ ಬಿದ್ದೆ, ಕಾಲಿನ ಮುಂಭಾಗ ಬೂಟಿನ ಅಂಚಿಗೆ ತಾಗಿ ಅಂಗೈಯಗಲ ನೀಲಿಗಟ್ಟಿತು. ಹೋಗುವವರಿಗೆ ಕೈಮುಗಿದು ಹೇಳುತ್ತೇನೆ: ಬೂಟು ಸರಿಯಿಲ್ಲದಿದ್ದರೆ ಹಿಮದ ಮೇಲೆ ಕಾಲಿಡಬೇಡಿ. ಅಂಗಡಿಯಲ್ಲಿ ಅರ್ಧ ಗಂಟೆ ಹೋದರೂ ಚಿಂತೆಯಿಲ್ಲ, ಹಿಮ್ಮಡಿ ಮೇಲೇಳದಂಥ ಜೋಡಿ ಸಿಗುವವರೆಗೆ ಬಿಡಬೇಡಿ.

ಉಳಿದ ದಿನವೆಲ್ಲ ಕುಳಿತು ನೋಡಿದೆ. ಬೆಳಿಗ್ಗೆ ಹಿಮ ಗಾಜಿನಂತೆ ಗಡುಸು, ಹಲಗೆ ಹರಿದರೆ ಕರಕರ ಸದ್ದು. ಹನ್ನೊಂದರ ಹೊತ್ತಿಗೆ ಸಕ್ಕರೆಯಂತೆ ಹದ. ಎರಡು ಗಂಟೆಯ ಮೇಲೆ ಒದ್ದೆ ಅನ್ನದಂತೆ ಅಂಟುತ್ತದೆ. ಕಲಿಯುವವರಿಗೆ ಹತ್ತರಿಂದ ಒಂದರವರೆಗಿನ ಹೊತ್ತು ಚಿನ್ನ. ತಂಗಿಯ ಮಗಳು ಆ ದಿನ ಚೇರ್‌ಲಿಫ್ಟ್ ಹತ್ತಿ ಮೇಲಿನಿಂದ ಇಳಿದಳು, ಕೆಳಗೆ ಬಂದು ನಿಂತಾಗ ಕಣ್ಣಲ್ಲಿ ನೀರಿತ್ತು. ಗಾಳಿಗೆ ಎಂದಳು.

ಮೇಲೆ ಒಂದು ಕೃತಕ ಕೆರೆಯಿದೆ. ಆಕಾಶದ ಹಿಮ ಸಾಲದಾದಾಗ ಯಂತ್ರದಿಂದ ನೀರು ಚಿಮ್ಮಿಸಿ ಹಿಮ ಮಾಡಲೆಂದು ತೋಡಿದ್ದು. ಯಂತ್ರದ ಹಿಮಕ್ಕೂ ಚಳಿ ಬೇಕು, ಗಾಳಿ ಬೆಚ್ಚಗಿದ್ದರೆ ಅದೂ ಆಗುವುದಿಲ್ಲ. ಮೊದಲೆಲ್ಲ ಡಿಸೆಂಬರಿನಲ್ಲೇ ಅಂಗಳ ತುಂಬುತ್ತಿತ್ತು, ಈಗ ಜನವರಿ ಕಳೆದರೂ ಕಾಯುವ ವರ್ಷಗಳಿವೆ ಎಂದು ಕಲಿಸುವ ಹುಡುಗ ಹೇಳಿದ. ಅವನ ಮನೆ ನಡೆಯುವುದು ವರ್ಷದಲ್ಲಿ ಆ ಎರಡು ತಿಂಗಳ ಹಿಮದಿಂದ.

ಐದನೆಯ ದಿನ

ದಿನವಿಡೀ ಹಿಮ ಬಿತ್ತು. ಸದ್ದೇ ಇಲ್ಲದ ಮಳೆ. ನೀಲಿಗಟ್ಟಿದ ಕಾಲಿಗೆ ಬಿಸಿನೀರಿನ ಚೀಲ, ಹುರುಳಿಯ ಸಾರು, ರಾಗಿರೊಟ್ಟಿ. ಹೌದು, ರಾಗಿಯೇ. ಇಲ್ಲಿ ಅದನ್ನು ಮಂಡುವಾ ಎನ್ನುತ್ತಾರೆ, ಹುರುಳಿಗೆ ಗಹತ್ ಎನ್ನುತ್ತಾರೆ. ರಾಗಿ ತಿನ್ನುವ ಜನ ಎಲ್ಲಿದ್ದರೂ ಬೇಗ ಹತ್ತಿರವಾಗುತ್ತಾರೆ. ಸಂಜೆ ಅಡುಗೆಯಾಕೆ ದೇವದಾರುವಿನ ಕೊಂಬೆಯನ್ನು ಕೋಲಿನಿಂದ ತಟ್ಟಿದಾಗ ಹಿಮ ಒಂದೇ ಸಲಕ್ಕೆ ಜಾರಿ ಬಿದ್ದು ಕೊಂಬೆ ಮೇಲಕ್ಕೆ ಚಿಮ್ಮಿತು.

ಆರನೆಯ ದಿನ

ಮೋಡವಿಲ್ಲದ ಬೆಳಗು. ಗೋರ್ಸೊ ಬುಗ್ಯಾಲಿಗೆ ನಡೆದೆವು. ಬುಗ್ಯಾಲ್ ಎಂದರೆ ಮರಗಳು ಮುಗಿದ ಮೇಲೆ ತೆರೆದುಕೊಳ್ಳುವ ಎತ್ತರದ ಹುಲ್ಲುಗಾವಲು. ಔಲಿಯ ನೆತ್ತಿಯಿಂದ ಮೂರು ಕಿಲೋಮೀಟರಿನ ಕಾಡುದಾರಿ. ಹೊಸ ಹಿಮದಲ್ಲಿ ನಮಗೆ ಮೂರು ಗಂಟೆ ಹಿಡಿಯಿತು. ಬೂಟಿನ ಅಡಿಗೆ ಮುಳ್ಳುಸರಪಳಿ, ಮೊಣಕಾಲವರೆಗೆ ನೀರು ತಡೆಯುವ ಪಟ್ಟಿ, ಕೈಯಲ್ಲಿ ಕೋಲು.

ಈ ಕಾಡಿಗಾಗಿಯೇ ನಾನು ಮತ್ತೆ ಬರುತ್ತೇನೆ. ಇಲ್ಲಿಯ ಓಕ್ ಮರಕ್ಕೆ ಖರ್ಸು ಎನ್ನುತ್ತಾರೆ. ದೇವದಾರು ಗೋಪುರದಂತೆ ನೆಟ್ಟಗೆ ಏರಿದರೆ ಖರ್ಸು ಮುದುಕರಂತೆ ಗಂಟುಗಂಟಾಗಿ ಬಾಗಿ ಹಬ್ಬುತ್ತದೆ. ಕಾಂಡದ ತುಂಬ ಪಾಚಿ, ಪಾಚಿಯ ಮೇಲೆ ಹಿಮ. ಎಲೆಗಳು ಚಳಿಗಾಲದಲ್ಲೂ ಉದುರುವುದಿಲ್ಲ. ಒಂದು ಎಲೆಯನ್ನು ಕಿತ್ತು ನೋಡಿದೆ: ಮೇಲೆ ಕಡು ಹಸಿರು, ಚರ್ಮದಂತೆ ದಪ್ಪ. ಅಡಿಯಲ್ಲಿ ಕಂದು. ಅಂಚಿನಲ್ಲಿ ಸಣ್ಣ ಮುಳ್ಳು. ಅದರ ಬೋಗುಣಿಯಂಥ ಮೈಯಲ್ಲಿ ಒಂದು ಚಮಚ ಹಿಮ ಕುಳಿತಿತ್ತು.

ಬಯಲಿನಲ್ಲಿ ಬಿಸಿಲಿಗೆ ಕರಗಿ ಗಟ್ಟಿಯಾಗುವ ಹಿಮ ಈ ನೆರಳಿನಲ್ಲಿ ಹಿಟ್ಟಿನಂತೆ ಉಳಿಯುತ್ತದೆ, ನಿಧಾನವಾಗಿ ಕರಗುತ್ತದೆ, ಎಲೆಗೊಬ್ಬರದ ಮೆತ್ತೆಯೊಳಗೆ ಇಂಗುತ್ತದೆ. ಓಕ್ ಇರುವ ಕಡೆ ಒರತೆ ಇರುತ್ತದೆ ಎಂದು ಹಳ್ಳಿಯವರು ಹೇಳುವುದು ಇದನ್ನೇ. ದಾರಿ ತೋರಿಸುತ್ತಿದ್ದ ಹಿರಿಯರು ಕೋಲಿನಿಂದ ಹಿಮ ಬಗೆದು ಕೆಳಗಿನ ಕಪ್ಪು ಮಣ್ಣನ್ನು ಹಿಡಿಯಲ್ಲಿ ತೆಗೆದು ಹಿಂಡಿದರು. ಬೆರಳ ಸಂದಿಯಿಂದ ನೀರು ತೊಟ್ಟಿಕ್ಕಿತು. "ಇದು ನಮ್ಮ ಟ್ಯಾಂಕು" ಎಂದರು.

ಅಷ್ಟರಲ್ಲಿ ಎದುರಿನ ಪೊದೆಯಿಂದ ಮೋನಾಲ್ ಹಕ್ಕಿ ಎದ್ದಿತು. ಉತ್ತರಾಖಂಡದ ರಾಜ್ಯಪಕ್ಷಿ. ಗಂಡು. ನವಿಲಿನ ಬಣ್ಣವನ್ನೆಲ್ಲ ಕೋಳಿಯ ಗಾತ್ರದಲ್ಲಿ ಕರಗಿಸಿ ಹೊಯ್ದ ಹಾಗೆ. ಅದು ಕೆದಕಿದ ಜಾಗದಲ್ಲಿ ಮಣ್ಣು ಹಿಮದ ಮೇಲೆ ಚೆಲ್ಲಿತ್ತು, ಗೆಡ್ಡೆ ಹುಡುಕುತ್ತಿತ್ತು. ಎರಡು ಕ್ಷಣ. ಆಮೇಲೆ ಇಳಿಜಾರಿನ ಕೆಳಕ್ಕೆ ಶಿಳ್ಳೆ ಹಾಕುತ್ತಾ ಜಾರಿಹೋಯಿತು.

ಕಾಡು ಮುಗಿದದ್ದು ಒಮ್ಮೆಲೇ. ಮುಂದೆ ಮರವೇ ಇಲ್ಲದ ಬಿಳಿ ಬಯಲು, ಅದರಾಚೆ ಶಿಖರಗಳ ಸಾಲು. ದ್ರೋಣಗಿರಿ 7,066 ಮೀಟರ್. ಅದರ ಬಲಕ್ಕೆ, ಹಿಂದಿನಿಂದ ತಲೆಯೆತ್ತಿ, ನಂದಾದೇವಿ, 7,816 ಮೀಟರ್. ಹಿರಿಯರು ಟೋಪಿ ತೆಗೆದು ಕೈಮುಗಿದರು. ಗಢವಾಲಿಗರಿಗೆ ನಂದಾ ದೇವಿ ಮಾತ್ರವಲ್ಲ, ಗಂಡನ ಮನೆಗೆ ಹೋದ ಮಗಳು. ಹನ್ನೆರಡು ವರ್ಷಕ್ಕೊಮ್ಮೆ ನಡೆಯುವ ನಂದಾ ರಾಜಜಾತ್ ಯಾತ್ರೆ ಅವಳನ್ನು ತವರಿನಿಂದ ಕೈಲಾಸಕ್ಕೆ ಕಳುಹಿಸಿಕೊಡುವ ಮೆರವಣಿಗೆ. ಬೀಳ್ಕೊಡುವಾಗ ಹೆಂಗಸರು ಅಳುತ್ತಾರಂತೆ. ತವರು ಎಂಬ ನಮ್ಮ ಪದವನ್ನು ಅವರಿಗೆ ಹೇಳಿದೆ. ಅವರ ಮಾತಿನಲ್ಲಿ ಅದು ಮೈತ್.

ಆಮೇಲೆ ಅವರು ಪೂರ್ವದ ಕಣಿವೆಯ ಕಡೆಗೆ ಕೋಲು ಚಾಚಿದರು. ಅಲ್ಲಿ ರೇಣಿ. 1974ರ ಮಾರ್ಚ್ 26ರಂದು ಗಂಡಸರು ಊರಿನಲ್ಲಿ ಇಲ್ಲದ ಹೊತ್ತಿಗೆ ಮರ ಕಡಿಯಲು ಬಂದವರ ಎದುರು ಗೌರಾದೇವಿ ಊರ ಹೆಂಗಸರನ್ನು ಕಟ್ಟಿಕೊಂಡು ನಿಂತ ಊರು. ಇದಕ್ಕೆ ಹಿಂದಿನ ವರ್ಷ ಇದೇ ಚಮೋಲಿ ಜಿಲ್ಲೆಯ ಮಂಡಲ ಎಂಬ ಹಳ್ಳಿಯಲ್ಲಿ ಮರವನ್ನು ಅಪ್ಪಿ ಉಳಿಸುವ ಚಿಪ್ಕೊ ಚಳವಳಿ ಮೊದಲಾದದ್ದು ಆಟದ ಸಾಮಾನಿನ ಕಾರಣಕ್ಕೆ. ಹಳ್ಳಿಯವರು ನೊಗ, ನೇಗಿಲಿಗೆಂದು ಕೇಳಿದ ಆ್ಯಶ್ ಮರಗಳನ್ನು ಅರಣ್ಯ ಇಲಾಖೆ ಅವರಿಗೆ ಕೊಡದೆ ಟೆನಿಸ್ ರಾಕೆಟ್ ಮಾಡುವ ಕಂಪನಿಗೆ ಕೊಟ್ಟಿತ್ತು. ಹತ್ತು ವರ್ಷದ ಬಳಿಕ, 1983ರಲ್ಲಿ, ಶಿರಸಿಯ ಸಲ್ಕಣಿಯಲ್ಲಿ ಅದೇ ಮಾತು ಅಪ್ಪಿಕೋ ಆಯಿತು.

ನಾನೂ ಇಲ್ಲಿಗೆ ಆಟಕ್ಕೆಂದೇ ಬಂದವಳು. ಮೂರು ದಿನದ ಹಿಂದೆ ನೇಗಿಲು ಹಿಡಿಯಿರಿ ಎಂದು ಕೂಗಿದ ಆ ಹುಡುಗನ ಅಜ್ಜಂದಿರು ನೇಗಿಲಿಗೆ ಒಂದು ಮರ ಕೇಳಿ ಇಲ್ಲವೆನ್ನಿಸಿಕೊಂಡ ಸೀಮೆಯವರು. ಆಟ ತಪ್ಪೆಂದು ನನಗೆ ಅನ್ನಿಸಲಿಲ್ಲ, ಈಗಲೂ ಅನ್ನಿಸುವುದಿಲ್ಲ. ಆ ಇಳಿಜಾರಿನಲ್ಲಿ ಸಿಕ್ಕ ಸಂತೋಷ ನಿಜವಾದದ್ದು, ಅದರಿಂದ ಇಲ್ಲಿನ ಮನೆಗಳಲ್ಲಿ ಒಲೆ ಉರಿಯುತ್ತದೆ. ಆದರೆ ಅಂಗಳಕ್ಕೆ ಇನ್ನಷ್ಟು ಕಟ್ಟಡ, ಇನ್ನಷ್ಟು ಅಗಲದ ರಸ್ತೆ ಬೇಕು ಎಂದು ಯಾರಾದರೂ ಕೇಳಿದರೆ ನನ್ನ ಉತ್ತರ ಬೇಡ ಎಂದೇ. ಈ ಬೆಟ್ಟ ಹೊರುವಷ್ಟು ಹೊತ್ತಾಗಿದೆ. 2021ರ ಫೆಬ್ರುವರಿ 7ರಂದು ಮೇಲಿನಿಂದ ಬಂಡೆ, ಮಂಜುಗಡ್ಡೆ ಕುಸಿದು ಋಷಿಗಂಗಾ ಉಕ್ಕಿ ಬಂದದ್ದೂ ಆ ರೇಣಿಯ ಪಕ್ಕದಲ್ಲೇ. ಇನ್ನೂರಕ್ಕೂ ಹೆಚ್ಚು ಜನ ಹೋದರು. ಹಿರಿಯರು ಆ ವಿಷಯ ಎತ್ತಲಿಲ್ಲ, ನಾನೂ ಕೇಳಲಿಲ್ಲ.

ಹೊರಡುವಾಗ ತಂಗಿಯ ಮಗಳು ನೀರಿನ ಬಾಟಲಿಗೆ ಹಿಮವನ್ನು ಬೆರಳಿನಿಂದ ಒತ್ತಿ ಒತ್ತಿ ಬಾಯಿಯವರೆಗೆ ತುಂಬಿಸಿಕೊಂಡಳು. ಅಮ್ಮನಿಗೆ ತೋರಿಸುತ್ತೇನೆ ಎಂದಳು.

ಏಳನೆಯ ದಿನ

ನಸುಕಿನಲ್ಲೇ ಇಳಿದೆವು. ನಮಗೆ ಸ್ಕೀ ಕಲಿಸಿದ ಹುಡುಗ ಜೋಶಿಮಠದ ಬಸ್ ನಿಲ್ದಾಣದವರೆಗೆ ಬಂದು ಚೀಲ ಏರಿಸಿಕೊಟ್ಟ. ಮುಂದಿನ ವರ್ಷ ಬನ್ನಿ ದೀದಿ, ನೇಗಿಲು ಬಿಡಿಸಿ ಸಮಾನಾಂತರ ತಿರುವು ಕಲಿಸುತ್ತೇನೆ ಎಂದ. ಹಿಮ ಬಂದರೆ ಎಂದು ತಾನೇ ಸೇರಿಸಿದ.

ಪೀಪಲ್‌ಕೋಟಿಯ ಹೊತ್ತಿಗೆ ಬಾಟಲಿಯ ಹಿಮ ಕುಸಿದು ಅರ್ಧವಾಗಿತ್ತು. ರುದ್ರಪ್ರಯಾಗದಲ್ಲಿ ಬರಿಯ ನೀರು, ನಾಲ್ಕು ಬೆರಳು ಎತ್ತರ. ತಳದಲ್ಲಿ ಖರ್ಸು ಎಲೆಯದೊಂದು ಚೂರು.

ದೇವಪ್ರಯಾಗಕ್ಕೆ ಬರುವಾಗ ಸಂಜೆ. ಊಟಕ್ಕೆ ನಿಲ್ಲಿಸಿದ ಚಾಲಕರನ್ನು ಕೇಳಿಕೊಂಡು ಸಂಗಮದ ಮೆಟ್ಟಿಲಿಳಿದೆವು. ಭಾಗೀರಥಿ ಒಂದು ಕಡೆಯಿಂದ, ಅಲಕನಂದಾ ಇನ್ನೊಂದು ಕಡೆಯಿಂದ, ಎರಡೂ ತಿಳಿಯಾಗಿ, ತೆಳ್ಳಗೆ.

"ನಾವು ಜಾರಿದ ಹಿಮ ಇಲ್ಲಿಗೆ ಯಾವಾಗ ಬರುತ್ತದೆ ದೊಡ್ಡಮ್ಮ?"

"ಏಪ್ರಿಲ್ ಕೊನೆಗೆ, ಮೇ ತಿಂಗಳಿಗೆ. ಕಾಡಿನೊಳಗಿನದು ಇನ್ನೂ ತಡವಾಗಿ."

ಅವಳು ಬಾಟಲಿಯ ಮುಚ್ಚಳ ತಿರುಗಿಸಿದಳು. ಅಲಕನಂದೆಯ ಬದಿಗೆ ಬಾಗಿ ನಾಲ್ಕು ಬೆರಳಿನ ಆ ನೀರನ್ನು ಸುರಿದಳು. ಎಲೆಯ ಚೂರು ಗಾಜಿಗೆ ಅಂಟಿಕೊಂಡು ಉಳಿಯಿತು. ಅದನ್ನು ಹಾಗೆಯೇ ಬಿಟ್ಟು ಮುಚ್ಚಳ ಹಾಕಿದಳು.